ಸರಳಿಲ್ಲದ ಕಿಟಕಿ

ಎಲ್ ಮಿಂಬ್ರೆ ಕೇರಿ, ಬ್ಯೂನಸ್ ಐರಿಸ್
ಮಂಗಳವಾರ, ಮೇ 14

ನನ್ನ ಮುದ್ದಿನ ಪ್ರಿಸಿಲಕ್ಕ,

ನಾನು ಬಸುರಿ ಅಕ್ಕಾ, ಮೊದಲು ಇದನ್ನು ಬರೆಯದಿದ್ದರೆ ಪೆನ್ನು ಮುಂದೆ ಹೋಗುವುದಿಲ್ಲ. ಮದುವೆಯಾದಾಗಿನಿಂದ ಒಂದು ಸಾಲೂ ಬರೆಯಲಿಲ್ಲ ಎಂಬ ಸಿಟ್ಟನ್ನು ಈ ಸುದ್ದಿಗಾಗಿ ನುಂಗಿಕೋ. ಫೋನ್ ಮಾಡಬಹುದಿತ್ತು. ಆದರೆ ಇಲ್ಲಿ ಗೋಡೆ ಒಂದೇ ಇಟ್ಟಿಗೆಯ ದಪ್ಪ, ಆಚೆ ಯಾರು ಕಿವಿಗೊಟ್ಟಿರುತ್ತಾರೋ ತಿಳಿಯದು. ನಮ್ಮ ಸಭೆಯ ಪಾಸ್ಟರ್ ನಾಳೆ ರೊಸಾರಿಯೊಗೆ ಹೊರಟಿದ್ದಾರೆ, ಅವರ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ.

ನಮ್ಮ ಮನೆಯನ್ನು ನೀನು ನೋಡಬೇಕು. ತಗಡಿನ ಸೂರು, ಎರಡು ಕೋಣೆ, ಎರಡಕ್ಕೂ ನಿಂಬೆಹಣ್ಣಿನ ಬಣ್ಣ. ನನ್ನ ಗಂಡ ಎಲಿಸೆಯೊ ದಿನವೂ ಅನ್ನ ಸೀಯಿಸುತ್ತಾನೆ, ನಾನು ದಿನವೂ ಹೊಗಳಿಕೊಂಡು ತಿನ್ನುತ್ತೇನೆ. ದೇವರ ಸೇವೆಗೆಂದು ಈ ಬಡ ಕೇರಿಗೆ ಬಂದ ಶುರುವಿನಲ್ಲಿ ಮುಂದಿನ ಕೋಣೆ ತುಂಬ ನೆರೆಯ ಮಕ್ಕಳು. ಅವನು ಗಿಟಾರ್ ನುಡಿಸುತ್ತಿದ್ದ, ನಾನು ಹಾಲು ಕೊಟ್ಟು ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಅಪ್ಪ ಅಷ್ಟು ಫೀಸು ಕಟ್ಟಿ ಓದಿಸಿದ ಆ ಶಾಲೆ ಕೊನೆಗೂ ಯಾರಿಗಾದರೂ ಉಪಯೋಗಕ್ಕೆ ಬಂತು ಎಂದು ಹಿಗ್ಗಿದ್ದೆ.

ಬಂದ ಮೊದಲ ಶನಿವಾರವೇ ಬೀದಿ ಕಿಟಕಿಯ ಕಬ್ಬಿಣದ ಸರಳುಗಳನ್ನು ಬಿಚ್ಚಿಹಾಕಿದೆವು. "ನೆರೆಯವ್ರನ್ನ ನಂಬಿ ಬಂದಿದೀವಿ ಅಂತ ಹೇಳಿ ನಾವೇ ಪಂಜರದಲ್ಲಿ ಕೂತ್ರೆ ಯಾರು ನಂಬ್ತಾರೆ?" ಎಂದ ಎಲಿಸೆಯೊ. ನಾನು ಸಂತೋಷಕ್ಕೆ ಅತ್ತೇಬಿಟ್ಟೆ. ಇಬ್ಬರೂ ಮಂಡಿಯೂರಿ, ನಮ್ಮ ಕಾವಲು ನೀನೇ ಎಂದು ದೇವರಿಗೆ ಒಪ್ಪಿಸಿದೆವು.

ಆಮೇಲೆ ಒಬ್ಬೊಬ್ಬರಾಗಿ ಮಕ್ಕಳು ಬರುವುದನ್ನು ನಿಲ್ಲಿಸಿದರು. ಕೇರಿಯ ರೂಢಿಯಂತೆ ಬಾಗಿಲ ಮುಂದೆ ಚಪ್ಪಾಳೆ ತಟ್ಟಿ ಕರೆಯುವವರೂ ಇಲ್ಲವಾದರು. ನಾನು ಹಾದುಹೋದರೆ ಮಾತು ನಿಲ್ಲುತ್ತದೆ. ಎದುರು ಮನೆಯ ದೋನ್ಯಾ ಎಲಾದಿಯಾ ಸಂಜೆ ಜಗುಲಿಯಲ್ಲಿ ಹೆಂಗಸರಿಗೆಲ್ಲ ಮಾಟೆ ಕಷಾಯ ಕೊಡುತ್ತಾಳೆ, ಒಂದೇ ಸೋರೆಬುರುಡೆ, ಹೀರಲು ಒಂದೇ ನಳಿಕೆ, ಕೈಯಿಂದ ಕೈಗೆ. ನಾನು ಹೋಗಿ ಕುಳಿತರೆ ಸೊಪ್ಪೆಲ್ಲ ಸಪ್ಪೆಯಾಯಿತು ಎಂದು ಚೆಲ್ಲಿಬಿಡುತ್ತಾಳೆ. ಹೋದ ವಾರ ತಡೆಯಲಾರದೆ ನೇರವಾಗಿ ಕೇಳಿದೆ.

"ನೋಡು ತಾಯಿ, ಈ ಓಣೀಲಿ ಸರಳಿಲ್ದೆ ಇರೋ ಕಿಟಕಿ ಎರಡೇ. ಒಂದು ಎಡಚಂದು, ಇನ್ನೊಂದು ನಿಂದು," ಎಂದಳು. ಎಡಚ ಎಂದರೆ ಮೂಲೆಯಲ್ಲಿ ಮತ್ತಿನ ಪುಡಿ ಮಾರುವವನು, ಕೇರಿಯೇ ಅವನ ಅಂಕೆಯಲ್ಲಿದೆ. "ಅವನ ಮನೆಗೆ ಕೈ ಹಾಕೋ ಗಂಡಸು ಇನ್ನೂ ಹುಟ್ಟಿಲ್ಲ. ನಿನ್ನ ಮನೆಗೂ ಯಾರೂ ಹಾಕಿಲ್ಲ. ಬೈಬಲ್ ಹಿಡ್ಕೊಂಡು ಬಂದ್ರೆ ನಮಗೇನು ಕಣ್ಣು ಕಾಣ್ಸಲ್ವಾ?"

"ನಮ್ಮನ್ನ ದೇವರು ಕಾಯ್ತಾನೆ ದೋನ್ಯಾ."

"ಹಾಗಾದ್ರೆ ನನ್ನ ಗ್ಯಾಸ್ ಸಿಲಿಂಡರ್ ಯಾಕೆ ಕಾಯ್ಲಿಲ್ಲ? ನಾನೂ ಅವನಿಗೇ ಮೇಣದಬತ್ತಿ ಹಚ್ಚೋದು."

ಇದನ್ನು ನಗುತ್ತ ಎಲಿಸೆಯೊಗೆ ಹೇಳಿದೆ. ಅವನು ನಗಲಿಲ್ಲ. "ಮುದುಕಿ ಬಾಯಿ, ಬಿಡು," ಎಂದು, ತೊಳೆದಿಟ್ಟ ತಟ್ಟೆಯನ್ನೇ ಮತ್ತೆ ತೊಳೆಯತೊಡಗಿದ. ಅಂದಿನಿಂದ ನನ್ನ ಕಣ್ಣಿಗೆ ಎಲ್ಲವೂ ಅನುಮಾನವಾಗಿಯೇ ಕಾಣುತ್ತದೆ ಅಕ್ಕ. ಅವನ ಸೈಕಲ್ಲು ಬೀಗವಿಲ್ಲದೆ ಬೀದಿಯಲ್ಲೇ ನಿಲ್ಲುತ್ತದೆ, ಯಾರೂ ಮುಟ್ಟುವುದಿಲ್ಲ. ಎಡಚ ಎದುರಾದರೆ ಹುಬ್ಬಿಗೆ ಎರಡು ಬೆರಳು ಮುಟ್ಟಿಸುತ್ತಾನೆ, ಇವನು ತಲೆಯಾಡಿಸುತ್ತಾನೆ. ಶತ್ರುವನ್ನೂ ಪ್ರೀತಿಸುವುದು ಹೀಗೆಯೇ ಇರಬೇಕು ಎಂದುಕೊಂಡಿದ್ದೆ ನಾನು, ಪೆದ್ದಿ.

ಇರಲಿ, ಸುಸ್ತು ವಾಕರಿಕೆ ಏನೂ ಇಲ್ಲ. ಅಮ್ಮನಿಗೆ ಸುದ್ದಿ ನಾನೇ ಹೇಳುತ್ತೇನೆ, ನೀನು ಬಾಯಿ ಬಿಡಬೇಡ. ಭಾವನಿಗೂ ಮಕ್ಕಳಿಗೂ ಮುತ್ತು. ದೇವರ ಸಮಾಧಾನ ನಿಮ್ಮ ಹೊಸ್ತಿಲು ದಾಟಿ ಹೋಗದಿರಲಿ.

ನಿನ್ನ
ನೊಯೆಮಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯವಾಗಿರಲಿಲ್ಲ. ಭಾನುವಾರ ಅವನನ್ನು ಕೇಳಿಯೇಬಿಟ್ಟೆ. ಮದುವೆಗೆ ಮೊದಲೇ ಎಡಚನ ಮನೆಗೆ ಹೋಗಿ, ನಮ್ಮ ತಂಟೆಗೆ ಯಾರೂ ಬಾರದಂತೆ ನೋಡಿಕೋ ಎಂದು ಕೇಳಿಕೊಂಡಿದ್ದನಂತೆ. "ನಿನಗೋಸ್ಕರ ಕಣೇ," ಎಂದ. ಈಗ ಎಡಚ ಹೇಳಿಕಳಿಸಿದ್ದಾನೆ, ಮಕ್ಕಳು ಬಾರದೆ ಮುಂದಿನ ಕೋಣೆ ಖಾಲಿ ಇದೆಯಲ್ಲ, ಕೆಲವು ಮೂಟೆ ಇಡಬೇಕಂತೆ. ಎಲಿಸೆಯೊ ಆಗದು ಎನ್ನಲಿಲ್ಲ. ಪ್ರಾರ್ಥಿಸಿ ನೋಡೋಣ ಎಂದ. ಅಕ್ಕ, ಸರಳು ಬಿಚ್ಚಿದ ದಿನ ನಾನು ಅಳುತ್ತ ಪ್ರಾರ್ಥಿಸಿದಾಗ, ಎಲ್ಲ ತಿಳಿದೂ ಅವನು ಪಕ್ಕದಲ್ಲಿ ಆಮೆನ್ ಅಂದಿದ್ದ. ಅಕ್ಕನಿಗೆ ಸಿಹಿಸುದ್ದಿ ಹೇಳಿಬರುತ್ತೇನೆ ಎಂದಷ್ಟೇ ಅವನಿಗೆ ತಿಳಿಸಿದ್ದೇನೆ. ಹಿಂದಿರುಗುವ ಟಿಕೆಟ್ ತೆಗೆದಿಲ್ಲ. ಶುಕ್ರವಾರ ಇಲ್ಲಿನ ರೆತಿರೋ ನಿಲ್ದಾಣದಿಂದ ಹೊರಡುವ ಸಂಜೆಯ ರೈಲಿನಲ್ಲಿ ಬಂದು ರೊಸಾರಿಯೊ ಉತ್ತರ ನಿಲ್ದಾಣದಲ್ಲಿ ಇಳಿಯುತ್ತೇನೆ.