ವಾಪಸ್ ಕೇಳಿದ ನಡೆ

ವಿದ್ಯಾರಣ್ಯಪುರಂ, ಮೈಸೂರು
16–9–2003

ಪ್ರೀತಿಯ ಮಹಾಂತಣ್ಣನಿಗೆ, ತಮ್ಮನ ಶರಣು.

ಮಂಡಿನೋವು ಹೇಗಿದೆ? ನಾಗಪುರದ ಸೆಖೆಗೆ ನೀರು ಹೆಚ್ಚು ಕುಡಿ. ಮೂತ್ರಪಿಂಡಗಳು ಎರಡೂ ಚೆನ್ನಾಗಿವೆಯೆಂದು ನಂಬಿದ್ದೇನೆ. ನಾವು ಕ್ಷೇಮ. ನಿನ್ನ ಕಾಗದ ಬಂತು, ಆರು ವರ್ಷಗಳಲ್ಲಿ ಮೊದಲನೆಯದು. ಅವ್ವನ ವರ್ಷದ ಪೂಜೆಗೆ ಬರಬಹುದೇ ಎಂದು ಕೇಳಿದ್ದೀಯೆ. ಬರೆಯುವ ಧೈರ್ಯ ಕೊಟ್ಟವನು ಇಂಟರ್‌ನೆಟ್ಟಿನ ಚದುರಂಗದಲ್ಲಿ ಸಿಕ್ಕ ಬೆಟ್ಟಯ್ಯನೆಂಬ ಗೆಳೆಯ ಎಂದೂ ಬರೆದಿದ್ದೀಯೆ. ಅವನ ವಿಷಯ ಹೇಳಬೇಕು.

ಫೆಬ್ರವರಿಯಲ್ಲಿ ಮಗಳು ಲಾಸ್ಯಳ ಫಲಿತಾಂಶ ನೋಡಲು ಜಯಲಕ್ಷ್ಮಿಪುರಂನ ಬ್ರೌಸಿಂಗ್ ಸೆಂಟರಿಗೆ ಹೋಗಿದ್ದೆವು. ಹೊತ್ತು ಕಳೆಯಲು ಅವಳು ಆ ಆಟದ ಪುಟ ತೆರೆದಳು. ಕೋಣೆಗಳು, ಕೋಣೆಯೊಳಗೆ ಮೇಜುಗಳು, ಮೇಜಿಗಿಬ್ಬರು, ಪಕ್ಕದಲ್ಲಿ ಸುಮ್ಮನೆ ನೋಡುವವರು. 'ನಿಜವಾದ್ ಹೆಸ್ರು ಹಾಕ್ಬೇಡ ಕಣಪ್ಪ' ಎಂದಳು. ನಮ್ಮ ಆಫೀಸಿನ ಜವಾನನ ಹೆಸರು ಹಾಕಿದೆ: ಬೆಟ್ಟಯ್ಯ. ಒಂದು ಮೇಜಿನಲ್ಲಿ ಯಾರೋ ಕುದುರೆ ಕಳೆದುಕೊಂಡು, ಭಾಷೆ ತಿಳಿಯದ ಎದುರಾಳಿಗೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ: 'ಕುದ್ರೆ ಮೇಯಕ್ಕೋಯ್ತು ಬುಡಿ.' ಅದು ಅಪ್ಪನ ಮಾತು. ನಮ್ಮ ಮನೆಯಾಚೆ ಯಾರೂ ಆಡಿದ್ದನ್ನು ಕೇಳಿಲ್ಲ. ಎದುರಿನ ಜಾಗ ಖಾಲಿಯಾದಾಗ ನಿನ್ನೆದುರು ನಾನು ಕೂತೆ.

ಚಿಕ್ಕಂದಿನಲ್ಲಿ ಚದುರಂಗವಾಡುವಾಗ ನೀನು, ಇಟ್ಟ ಕಾಯಿಯನ್ನು ನೀನೇ ಮತ್ತೆ ಎತ್ತಿಕೊಳ್ಳುತ್ತಿದ್ದೆ. ನಾನು ಅತ್ತರೆ ಅವ್ವ, 'ಅಣ್ಣ ಅಲ್ವೇನೋ, ಕೊಟ್ಬುಡು' ಎನ್ನುತ್ತಿದ್ದಳು. ಅವಳಿಗೆ ಮೂತ್ರಪಿಂಡ ಬೇಕಾದಾಗ ನನ್ನದು ಹೊಂದಲಿಲ್ಲ, ನಿನ್ನದು ಹೊಂದಿತು. ಕೊಡುತ್ತೇನೆಂದು ನೀನೇ ಹೇಳಿದೆ. ಆಪರೇಷನ್ನಿಗೆ ಎರಡು ದಿನವಿದ್ದಾಗ ಫೋನಿನಲ್ಲಿ ನೀನು ಆ ಮಾತನ್ನೂ ವಾಪಸ್ ತೆಗೆದುಕೊಂಡೆ. ಆಗಲೂ ಅವ್ವ, 'ಹೋಗ್ಲಿ, ಕೊಟ್ಬುಡು' ಎಂದಳು. ಯಾರಿಗೆ, ಏನನ್ನು ಎಂದು ನಾನು ಕೇಳಲಿಲ್ಲ.

ಆ ಆಟದಲ್ಲೂ ನಡೆಯನ್ನು ವಾಪಸ್ ಕೇಳಬಹುದು. ಎದುರಾಳಿಯ ಪರದೆಯ ಮೇಲೆ ಎರಡು ಗುಂಡಿ ಬರುತ್ತವೆ: ಹೌದು, ಇಲ್ಲ. ಏಳು ತಿಂಗಳಲ್ಲಿ ನಲವತ್ತೊಂದು ಸಲ ನಾನು ಹೌದು ಒತ್ತಿದ್ದೇನೆ. 'ಕೇಳಿದಾಗೆಲ್ಲ ಕೊಡ್ತೀರ, ನಿಮ್ಮಂಥೋರು ಸಿಗಲ್ಲ ಕಣ್ರೀ' ಎಂದು ಬರೆದು ನೀನು ನನ್ನನ್ನು ಗೆಳೆಯರ ಪಟ್ಟಿಗೆ ಸೇರಿಸಿಕೊಂಡೆ. ಭಾನುವಾರ ಮಧ್ಯಾಹ್ನ ನನ್ನ ಹೆಸರಿನ ಮುಂದೆ ಹಸಿರು ಚುಕ್ಕೆ ಹೊತ್ತಿದ ಕೂಡಲೇ, 'ಬಂದ್ರಾ! ಕಾಯ್ತಿದ್ದೆ.' ನಾನೂ ಕಾಯುತ್ತಿದ್ದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ತಮ್ಮನೊಬ್ಬ ಕೈಬಿಟ್ಟುಹೋದದ್ದು ನಿನಗೆ ತಿಳಿಯಲೇ ಇಲ್ಲ. ಕಳೆದುಕೊಂಡರೆ ನಷ್ಟ ತಿಳಿಯುವಂಥ ಗೆಳೆಯನೊಬ್ಬನನ್ನು ನಾನು ಮೊದಲು ನಿನಗೆ ಕೊಡಬೇಕಾಯಿತು. 'ತಮ್ಮಂಗೆ ಕಾಗದ ಬರೀಲಾ?' ಎಂದು ನೀನು ಕೇಳಿದೆ. 'ಬರೀರಿ' ಎಂದೆ ನಾನು.

ಮೊನ್ನೆ ಭಾನುವಾರ ನೀನು ಮಂತ್ರಿಯನ್ನು ತಪ್ಪು ಮನೆಯಲ್ಲಿಟ್ಟು ವಾಪಸ್ ಕೇಳಿದೆ. ನಾನು ಇಲ್ಲ ಒತ್ತಿದೆ. ನೀನು ಬರೆದೆ: 'ಯಾಕ್ರೀ ಬೆಟ್ಟಯ್ಯ, ಮೈಗ್ ಹುಷಾರಿಲ್ವಾ?' ಆಪರೇಷನ್ ನಿಂತಮೇಲೆ ಅವ್ವ ಮಲಗಿ ತೀರಿಕೊಂಡ ನಾಲ್ಕು ತಿಂಗಳಲ್ಲಿ ನೀನು ಒಮ್ಮೆಯೂ ಕೇಳದ ಪ್ರಶ್ನೆ. ನಾನು ಪುಟ ಮುಚ್ಚಿ ಎದ್ದುಬಂದೆ.

ನನ್ನ ಹೆಂಡತಿ ಶಾಂತಾದೇವಿ ಶರಣು ತಿಳಿಸಿದ್ದಾಳೆ. ಅವಳಿಗೆ ಇದೊಂದೂ ಗೊತ್ತಿಲ್ಲ. ಲಾಸ್ಯ ಚೆನ್ನಾಗಿ ಓದುತ್ತಿದ್ದಾಳೆ, ಅಲ್ಲಿಂದಲೇ ಹರಸು.

ನಿನ್ನ ತಮ್ಮ,
ಸಿದ್ದಲಿಂಗಸ್ವಾಮಿ

ಮರೆತಿದ್ದೆ: ಪೂಜೆಗೆ ಬರಬಹುದೇ ಎಂದು ಕೇಳಿದ್ದೀಯಲ್ಲ. ಇಲ್ಲಿಯೂ ಎರಡೇ ಗುಂಡಿ. ಭಾನುವಾರ ಒತ್ತಿದ್ದನ್ನೇ ಒತ್ತಿದ್ದೇನೆ. ಬೆಟ್ಟಯ್ಯನಿಗಾಗಿಯೂ ಕಾಯಬೇಡ.