ನಡುಗಿದ್ದು ಮುಂದಿನ ಚಕ್ರ

ಕಾರಿನ ಕೀಯನ್ನು ನನ್ನ ಅಂಗೈಯಲ್ಲಿಟ್ಟು ಹೋದ ನನ್ನ ಅಪ್ಪನಿಗೆ,

ನನಗೆ ಮದುವೆಯಾಗಿ ಇಪ್ಪತ್ತು ದಿನ, ಅಪ್ಪಾ. ನಗಬೇಡಿ, ಎಣಿಸುತ್ತಲೇ ಇದ್ದೇನೆ. ಇವರು ಮಂಡ್ಯದಲ್ಲಿ ಇಂಜಿನಿಯರ್. ಎಷ್ಟು ಒಳ್ಳೆಯವರೆಂದರೆ... ಅದನ್ನೇ ಬರೆಯುತ್ತ ಕೂತರೆ ಹಾಳೆ ಮುಗಿದುಹೋಗುತ್ತದೆ. ಹೇಳಬೇಕಾದದ್ದು ನಮ್ಮ ಹಳೇ ಕಾರಿನ ವಿಷಯ.

ಆ ದಿನ ಮಳವಳ್ಳಿ ರಸ್ತೆಯಲ್ಲಿ ನಾವಿಬ್ಬರೇ ಇದ್ದೆವು. ಒಂದು ಗುಂಡಿ ದಾಟಿದ್ದೇ ಸ್ಟೀರಿಂಗ್ ಗಡಗಡ ಅಲುಗಿತು, ಅದನ್ನು ಹಿಡಿದ ನಿಮ್ಮ ಕೈಗಳೂ. ನಾನೇನು ಹೇಳಿದೆ, ನೆನಪಿದೆಯೇ? "ಅಪ್ಪಾ, ನಿಮ್ಮ ಕೈ ನಡುಗ್ತಿದೆ. ಇನ್ಮೇಲೆ ಡ್ರೈವ್ ಮಾಡ್ಬೇಡಿ." ನೀವು ಕಾರು ನಿಲ್ಲಿಸಿ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಿರಿ. ಮರುದಿನದಿಂದ ಮದ್ದೂರಿನ ಕ್ಲಿನಿಕ್ಕಿನಲ್ಲಿ ಗಾಯಕ್ಕೆ ಹೊಲಿಗೆ ಹಾಕುವುದನ್ನೇ ಬಿಟ್ಟಿರಿ. ಅಷ್ಟು ವರ್ಷ ಊರಿನವರ ಗಾಯ ಹೊಲಿದ ಡಾಕ್ಟರು ನೀವು, ಕಣ್ಣು ಮುಚ್ಚುವವರೆಗೂ ನಿಮ್ಮ ಕೈಯನ್ನೇ ನಂಬಲಿಲ್ಲ. ನನ್ನ ಒಂದು ಮಾತಿಗೆ...

ಮೊನ್ನೆ ಅಮ್ಮನ ಮನೆಯಿಂದ ಪೂರಿಗಾಲಿಗೆ, ನಮ್ಮತ್ತೆಯ ತವರಿಗೆ, ಹೊಸ ಜೋಡಿಯ ಊಟಕ್ಕೆ ಹೊರಟೆವು. ಆ ದಿನದ ನಂತರ ಕಾರು ರಸ್ತೆಗಿಳಿದದ್ದು ಅದೇ ಮೊದಲು, ಇವರೇ ಓಡಿಸುತ್ತಿದ್ದರು. ಅದೇ ರಸ್ತೆ, ಅದೇ ಗಡಗಡ. ಇಪ್ಪತ್ತೆಂಟು ವರ್ಷದವರ ಕೈಯೂ ನಡುಗುತ್ತದೆಯೇ? ಊಟ ಮುಗಿದದ್ದೇ, ಕಾರನ್ನು ಮೆಕ್ಯಾನಿಕ್‌ಗೆ ತೋರಿಸಲೇಬೇಕೆಂದು ಹಟ ಹಿಡಿದೆ.

ಮಾರನೇ ದಿನ ಸೋಮನಹಳ್ಳಿಯ ಮೆಕ್ಯಾನಿಕ್ ಸಿದ್ದೇಗೌಡರು ಕಾರನ್ನು ಜಾಕಿನ ಮೇಲೆತ್ತಿ, ಮುಂದಿನ ಚಕ್ರವನ್ನು ಹಿಡಿದು ಅಲ್ಲಾಡಿಸಿದರು. ಹಾಲುಹಲ್ಲಿನಂತೆ ಅಲುಗಿತು. ನಮ್ಮದು ಎರಡನೇ ಮಹಾಯುದ್ಧಕ್ಕೆ ಮುಂಚಿನ ಕಾರಲ್ಲವೇ, ಮುಂದಿನ ಎರಡು ಚಕ್ರಕ್ಕೂ ಒಂದೇ ಗಟ್ಟಿ ಅಚ್ಚು. ಅಚ್ಚಿನ ತುದಿಯಲ್ಲಿ ಚಕ್ರ ಹೊರಳಲು ಒಂದೊಂದು ದಪ್ಪ ಪಿನ್ನು, ಕಿಂಗ್‌ಪಿನ್. ಅದು ಸವೆದರೆ, ಒಂದು ಚಕ್ರ ಗುಂಡಿಗೆ ಬಿದ್ದಾಗ ಎರಡೂ ಕುಣಿಯುತ್ತವಂತೆ, ಜೊತೆಗೆ ಸ್ಟೀರಿಂಗೂ.

"ಇದ್ಯಾರವ್ವ ಇಂಗ್ ಬಣ್ಣ ಬಳ್ದವ್ರು?" ಅಂದರು. "ಗ್ರೀಸ್ ಓಗೋ ತೂತೇ ಮುಚ್ಚೋಗದೆ. ಪಿನ್ನು ಒಣ್ಗಿ ಸವ್ದೋಗದೆ ಕಣಮ್ಮ."

ಪ್ರತಿ ವರ್ಷ ಆಯುಧಪೂಜೆಗೆ ಆ ಅಚ್ಚಿಗೆ ಕಪ್ಪು ಬಣ್ಣ ಬಳಿಯುತ್ತಿದ್ದವಳು ನಾನಲ್ಲವೇ? ಎಳ್ಳಷ್ಟೂ ಜಾಗ ಬಿಡದೆ, ನೀವು ಭೇಷ್ ಅನ್ನಲೆಂದು.

"ನಾನೇ," ಅಂದೆ. "ಹಾಗಾದ್ರೆ ನಮ್ಮಪ್ಪನ ಕೈ?"

"ಡಾಕ್ಟ್ರು ಕೈಗೇನಾಗಿತ್ತು, ಬುಡಿ. ನನ್ ಮಗಳ ಅಣೆ ಗಾಯಕ್ಕೆ ಒಲ್ಗೆ ಆಕವ್ರೆ, ಗೆರೆ ಎಲ್ಲದೆ ಅಂತ ಉಡುಕ್ಬೇಕು."

ಅಲ್ಲೇ, ಗ್ರೀಸಿನ ಡಬ್ಬಗಳ ನಡುವೆ, ರೇಷ್ಮೆ ಸೀರೆಯಲ್ಲಿ ಕೂತು ಅತ್ತುಬಿಟ್ಟೆ. ಇವರು ಏನೂ ಕೇಳದೆ ಕರವಸ್ತ್ರ ಕೊಟ್ಟರು. ಹೇಳಿದೆನಲ್ಲ, ಒಳ್ಳೆಯವರು.

ಹೊಸ ಪಿನ್ನು ಹಾಕಿಸಿದೆವು. ಇವತ್ತು ಬೆಳಿಗ್ಗೆ ಮಳವಳ್ಳಿಯವರೆಗೆ ನಾನೇ ಓಡಿಸಿದೆ. ಗುಂಡಿ ಇನ್ನೂ ಅಲ್ಲೇ ಇದೆ. ಬೇಕೆಂದೇ ಅದರೊಳಗೆ ಇಳಿಸಿ ಹತ್ತಿಸಿದೆ, ಸ್ಟೀರಿಂಗ್ ಮಿಸುಕಲಿಲ್ಲ.

ನಿಮ್ಮ ಕೈ ಚೆನ್ನಾಗಿಯೇ ಇತ್ತು, ಅಪ್ಪಾ.