ಅಮ್ಮನ ಎಡಗಡೆ

ಯಲ್ದೂರು
೧೦ ಜೂನ್ ೨೦೨೫, ಮಂಗಳವಾರ

ನನ್ನ ಮುದ್ದಿನ ತಮ್ಮ ಆಂಜಿಗೆ,

ನಿನ್ನ ಗಂಗಕ್ಕನ ಆಶೀರ್ವಾದ. ಕಾಲಿನ ಬೊಬ್ಬೆ ಒಣಗಿತಾ? ಬೂಟು ಕಚ್ಚುತ್ತಿದೆ ಎಂದು ಮೊನ್ನೆ ಫೋನಿನಲ್ಲಿ ಹೇಳಿದ್ದೆ. ಮಲಗುವ ಮುಂಚೆ ಕೊಬ್ಬರಿ ಎಣ್ಣೆ ಹಚ್ಚಿಕೊ, ಉಗುರಿನಲ್ಲಿ ಮಾತ್ರ ಕೀಳಬೇಡ, ಆ ಕೆಟ್ಟ ಅಭ್ಯಾಸ ನಿನಗೆ ಚಿಕ್ಕಂದಿನಿಂದ ಇದೆ. ಕಲಬುರಗಿಯ ಬಿಸಿಲು ಹೇಗಿದೆ, ಜೋಳದ ರೊಟ್ಟಿ ಒಗ್ಗಿತಾ? ಮುದ್ದೆ ಕನಸಿನಲ್ಲಿ ಬರುತ್ತದೆ ಎಂದೆಯಂತೆ, ಅಪ್ಪ ಅದನ್ನು ಮಾವಿನ ಮಂಡಿಯಲ್ಲೆಲ್ಲ ಹೇಳಿಕೊಂಡು ನಕ್ಕರು. ನನ್ನ ಮಗ ಪೊಲೀಸಾಗುತ್ತಾನೆ ಎಂಬುದನ್ನು ಹೇಳಲು ಅವರಿಗೆ ಮುದ್ದೆಯಾದರೂ ಸರಿ, ಏನೋ ಒಂದು ನೆಪ ಬೇಕು. ಅಪ್ಪ ಚೆನ್ನಾಗಿದ್ದಾರೆ, ನಾನೂ ಚೆನ್ನಾಗಿದ್ದೇನೆ. ಅಮ್ಮನ ವಿಷಯ ಹೇಳುವುದಕ್ಕೇ ಈ ಕಾಗದ. ಎಲ್ಲಾದರೂ ಒಬ್ಬನೇ ಕುಳಿತು ಓದು.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಅಮ್ಮನ ಕತ್ತಿನ ಎಡಗಡೆ, ದವಡೆಯ ಕೆಳಗೆ, ಒಂದು ಗಂಟು ಎದ್ದಿದೆ. ನೋವಿಲ್ಲ. ನೋವಿಲ್ಲ ಎಂದು ಸುಮ್ಮನಿರಬಾರದು ಎಂದು ಶ್ರೀನಿವಾಸಪುರದ ಡಾಕ್ಟರಮ್ಮ ಹೇಳಿದರು. ಕೋಲಾರದ ದೊಡ್ಡಾಸ್ಪತ್ರೆಗೆ ಹೋಗಿ ಸೂಜಿ ಹಾಕಿಸಿ ಪರೀಕ್ಷೆ ಮಾಡಿಸಿ, ತಡ ಮಾಡಬೇಡಿ ಎಂದು ಚೀಟಿ ಬರೆದುಕೊಟ್ಟರು. ಅಮ್ಮ ಆ ಚೀಟಿಯನ್ನು ಎಲೆ ಅಡಿಕೆ ಚೀಲದೊಳಗೆ ತುರುಕಿಕೊಂಡವಳು ಇನ್ನೂ ಹೊರಗೆ ತೆಗೆದಿಲ್ಲ. ನಿನ್ನ ಟ್ರೈನಿಂಗಿನ ಕೊನೆಯ ಪರೇಡು ಮುಗಿಯುವವರೆಗೆ ಎಲ್ಲಿಗೂ ಬರುವುದಿಲ್ಲವಂತೆ. ಪರೇಡು ಇರುವುದು ದಸರಾ ಆದಮೇಲೆ! ಹಿಂದೆ ಅಪ್ಪ ಮರದಿಂದ ಬಿದ್ದು ಕಾಲು ಮುರಿದುಕೊಂಡಾಗ ನೀನು ಓಟದ ಪರೀಕ್ಷೆ ಬಿಟ್ಟು ಮನೆಗೆ ಬಂದು ಒಂದು ವರ್ಷ ಕಳೆದುಕೊಂಡೆಯಲ್ಲ, ಅದನ್ನು ಅವಳು ಮರೆತಿಲ್ಲ. ನನ್ನ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡು, "ಆಂಜಿಗೆ ಫೋನಲ್ಲಿ ಒಂದ್ ಮಾತು ಹೇಳಿದ್ರೂ ನನ್ನಾಣೆ" ಎಂದಳು. ಮೆಸೇಜು ಹಾಕಿದರೆ ಅದೂ ಫೋನೇ ಆಯಿತು, ಹೇಗೂ ನಿನ್ನ ಫೋನನ್ನು ಟ್ರೈನಿಂಗಿನವರು ಭಾನುವಾರ ಸಂಜೆ ಮಾತ್ರ ಕೈಗೆ ಕೊಡುತ್ತಾರೆ, ಆ ಹೊತ್ತಿಗೆ ಅಮ್ಮ ನನ್ನ ಮಗ್ಗುಲಲ್ಲೇ ಇರುತ್ತಾಳೆ. ಆದರೆ ಆಣೆ ಹಾಕಿದ್ದು ಫೋನಿಗೆ, ಕಾಗದಕ್ಕಲ್ಲ. ನಾನೂ ಅವಳ ಮಗಳೇ ತಾನೇ.

ಇದು ನನಗೆ ಹೇಗೆ ಗೊತ್ತಾಯಿತು ಎಂಬುದನ್ನೂ ಹೇಳಬೇಕು, ಇಲ್ಲದಿದ್ದರೆ ಅಕ್ಕನಿಗೆ ಎಲ್ಲದಕ್ಕೂ ಗಾಬರಿ ಎಂದು ತಳ್ಳಿಹಾಕುತ್ತೀಯ. ನಾನು ಶ್ರೀನಿವಾಸಪುರದಲ್ಲಿ ಭಾನುವಾರದ ಡ್ರಾಯಿಂಗ್ ಕ್ಲಾಸಿಗೆ ಸೇರಿದಾಗ, "ಈ ವಯಸ್ಸಲ್ಲಿ ಬಾತುಕೋಳಿ ಬರೀತೀಯೇನಕ್ಕ" ಎಂದು ನೀನು ಹಲ್ಲು ಕಿಸಿದಿದ್ದೆ. ಬಾತುಕೋಳಿಗಲ್ಲ ಕಣೋ. ಮದುವೆ ಹೆಣ್ಣುಗಳ ರವಿಕೆಗೆ ಮಗ್ಗಂ ವರ್ಕಿನ ಕಸೂತಿ ಹಾಕುವ ಟೈಲರುಗಳು ನಮ್ಮ ಕಡೆ ಬೇಕಾದಷ್ಟು ಜನ, ಎಲ್ಲರೂ ಫೋನಿನಲ್ಲಿ ಬಂದ ಒಂದೇ ನವಿಲನ್ನು ಹೊಲಿಯುತ್ತಾರೆ. ನನ್ನ ನವಿಲನ್ನು ನಾನೇ ಬರೆಯಬೇಕು ಎಂದು ನನ್ನ ಹಟ. ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ಕ್ಲಾಸು. ಕಲಿಸುವವರು ಚಂದ್ರಶೇಖರ ಮೇಷ್ಟ್ರು, ಮುಳಬಾಗಿಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ರಿಟೈರಾದವರು. ಸುತ್ತ ಎಲ್ಲ ಶಾಲೆ ಮಕ್ಕಳು, ನಡುವೆ ನಾನೊಬ್ಬಳು ದೊಡ್ಡ ಹೆಂಗಸು.

ಮೊದಲ ದಿನ ಅವರು ಒಂದು ತೋತಾಪುರಿ ಕಾಯಿಯನ್ನು ಮೇಜಿನ ಮೇಲಿಟ್ಟು, "ಕಾಗದ ನೋಡ್ಬೇಡಿ, ಕಾಯಿ ನೋಡಿ. ಅದರ ಅಂಚಲ್ಲಿ ಒಂದು ಇರುವೆ ನಡೀತಿದೆ ಅಂದ್ಕೊಳ್ಳಿ. ಇರುವೆ ಜೊತೆ ಪೆನ್ಸಿಲ್ ನಡೀಲಿ, ಎತ್ತಂಗಿಲ್ಲ" ಎಂದರು. ಅದಕ್ಕೆ ಕಾಂಟೂರ್ ಗೆರೆ ಎನ್ನುತ್ತಾರಂತೆ. ಮಾವಿನಕಾಯಿಯ ನಡುವೆಯೇ ಹುಟ್ಟಿ ಬೆಳೆದ ನನಗೆ ಇದೇನು ಮಹಾ ಎಂದು ಬರೆದೆ. ನೋಡಿದರೆ ನಾನು ರವಿಕೆಯ ಮೇಲೆ ಹೊಲಿಯುವ ಮಾವಿನಕಾಯಿ ಬಂದಿತ್ತು. ಎದುರಿಗಿದ್ದ ಕಾಯಿ ಒಂದು ಕಡೆ ಸೊಟ್ಟ, ತುದಿಯಲ್ಲಿ ಕೊಕ್ಕು, ತೊಟ್ಟಿನ ಹತ್ತಿರ ಸೊನೆ ಇಳಿದ ಕಲೆ. ಒಂದೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಆಮೇಲೆ ಇದ್ದಿಲು ಕಡ್ಡಿ ಕೊಟ್ಟು ನೆರಳು ಹಾಕಿಸಿದರು. ನಾನು ಕೊಂಡುತಂದ ಇದ್ದಿಲಿನ ಪೊಟ್ಟಣ ನೋಡಿ ಅಮ್ಮ, "ಒಲೇಲಿ ಬೇಕಾದಷ್ಟು ಬಿದ್ದಿದೆ, ಇದ್ದಿಲು ಯಾರಾದ್ರೂ ಅಂಗಡೀಲಿ ತರ್ತಾರೇನೇ" ಎಂದು ಬೈದಳು. ಬೆಳಕು ಬಿದ್ದ ಕಡೆ ಕಾಗದವನ್ನು ಹಾಗೇ ಬಿಡಬೇಕು, ಬೆಳಕು ತಿರುಗುವ ಕಡೆ ಮೆಲ್ಲಗೆ ಉಜ್ಜಬೇಕು, ಬೆಳಕು ಹೋಗದ ಕಡೆ ಒತ್ತಿ ಕಪ್ಪು ಮಾಡಬೇಕು. ಉಜ್ಜಲು ನಾನು ಲೈನಿಂಗ್ ಬಟ್ಟೆಯ ಚೂರು ಇಟ್ಟುಕೊಂಡಿದ್ದೇನೆ. "ಎಲ್ಲಿ ಉಬ್ಬಿರುತ್ತೋ ಅದರ ಪಕ್ಕ ನೆರಳು ಇದ್ದೇ ಇರುತ್ತೆ" ಎಂದು ಮೇಷ್ಟ್ರು ಎಲ್ಲರಿಗೂ ಹೇಳುತ್ತಿದ್ದರು. ಆ ಮಾತು ಈಗ ನನ್ನ ತಲೆಯಿಂದ ಹೋಗುತ್ತಿಲ್ಲ.

ಮನೆಯವರ ಮುಖ ಬರೆದು ತನ್ನಿ ಎಂದರು. ಅಪ್ಪ ಕುಳಿತಲ್ಲಿ ಕೂರುವವರಲ್ಲ. ಅಮ್ಮ ಶೆಡ್ಡಿನಲ್ಲಿ ಕಾಯಿ ಆರಿಸುತ್ತ ಒಂದೇ ಕಡೆ ಇರುತ್ತಾಳೆ ಎಂದು ಅವಳನ್ನೇ ಬರೆದೆ. ಬಲಗಡೆಯ ಕೆನ್ನೆ, ಕಿವಿ, ಕತ್ತು ಎಲ್ಲವನ್ನೂ ಇರುವೆಯ ಜೊತೆಯಲ್ಲೇ ನಡೆದು ಬರೆದೆ. ಎಡಗಡೆ ಕತ್ತಿಗೆ ಸೆರಗು ಸುತ್ತಿಕೊಂಡಿದ್ದಳು. ಇಷ್ಟು ಸೆಖೆಯಲ್ಲಿ ಸೆರಗು ಯಾಕೆ ಎಂದು ಕೇಳಲು ನನಗೆ ಹೊಳೆಯಲೇ ಇಲ್ಲ. ಬಲಗಡೆ ಇದ್ದದ್ದನ್ನೇ ಎಡಕ್ಕೂ ಇಳಿಸಿ ಮುಗಿಸಿದೆ. ಮೇಷ್ಟ್ರು ಅದನ್ನು ಕೈಗೆತ್ತಿಕೊಂಡು, ಸರಿಯಾಗಿ ಮೂಗಿನ ಮೇಲೆ ಮಡಚಿ, ಕಿಟಕಿಯ ಬೆಳಕಿಗೆ ಹಿಡಿದರು. ಎರಡೂ ಕಡೆಯ ಗೆರೆ ಒಂದರ ಮೇಲೊಂದು ಕೂತವು. "ನೀವು ಟೈಲರಾ ಅಮ್ಮ?" ಎಂದರು. ಹೌದು ಎಂದೆ. "ಅದಕ್ಕೇ ಮತ್ತೆ. ಬಟ್ಟೆ ಮಡಚಿಟ್ಟು ಕತ್ತರಿಸಿದ ಹಾಗೆ ಬರೆದಿದ್ದೀರಿ. ದೇವರು ಯಾರನ್ನೂ ಮಡಚಿಟ್ಟು ಮಾಡಿಲ್ಲ. ಎಡಗಡೆ ನೋಡ್ಕೊಂಡು ಬನ್ನಿ." ಮಕ್ಕಳೆಲ್ಲ ಕಿಸಕ್ಕೆಂದವು. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ಸಿಟ್ಟು. ಬೆನ್ನಾಗಲಿ ಕೊರಳಾಗಲಿ, ಬಟ್ಟೆಯನ್ನು ಮಡಚಿಟ್ಟು ಒಂದೇ ಸಲ ಕತ್ತರಿ ಹಾಕುವುದು ನಮ್ಮ ಕೆಲಸ. ಎಡ ಬೇರೆ ಬಲ ಬೇರೆ ಮಾಡಿಕೊಟ್ಟರೆ ಗಿರಾಕಿಗಳು ರವಿಕೆಯನ್ನು ಮುಖಕ್ಕೆ ಎಸೆಯುತ್ತಾರೆ.

ಆದರೆ ಅಮ್ಮನ ಎಡಗಡೆ ನೋಡುವುದು ಸುಲಭವಾಗಲಿಲ್ಲ. ನಾನು ಆ ಕಡೆ ಹೋದರೆ ಅವಳು ಬುಟ್ಟಿಯನ್ನು ತಿರುಗಿಸಿಕೊಂಡು ಬೇರೆ ಮಗ್ಗುಲಾಗುತ್ತಿದ್ದಳು. ಹೊಸ ರವಿಕೆಗೆ ಕಾಲರ್ ಇಡು ಎಂದಳು. ಕಾಲರ್ ರವಿಕೆ ಹಾಕುವ ಟೀಚರುಗಳನ್ನು ಕಂಡರೆ ನಗುತ್ತಿದ್ದವಳು! ಅಳತೆ ಟೇಪನ್ನು ಕತ್ತಿಗೆ ಹಾಕಿಕೊಂಡು ತಿರುಗುವ ನಾನು ಆಗಲೂ ಹಳೇ ರವಿಕೆಯನ್ನೇ ಅಳತೆಗೆ ತೆಗೆದುಕೊಂಡೆ, ಅವಳ ಕತ್ತಿಗೆ ಟೇಪು ಹಿಡಿಯಲಿಲ್ಲ. ಹೋದ ವಾರ ಎಣ್ಣೆಸ್ನಾನ ಮಾಡಿ ಜಗಲಿಯ ಮೇಲೆ ಕೂದಲು ಆರಿಸುತ್ತ ಕುಳಿತಿದ್ದಳು. ಎಳೆಬಿಸಿಲಿಗೆ ಕಣ್ಣು ಮುಚ್ಚಿದ್ದಳು, ಸೆರಗು ಜಾರಿತ್ತು. ನಾನು ಸದ್ದಿಲ್ಲದೆ ಎಡಗಡೆಯ ಮೆಟ್ಟಿಲ ಮೇಲೆ ಕುಳಿತು ಶುರು ಮಾಡಿದೆ. ಇರುವೆ ಕಿವಿಯಿಂದ ಇಳಿದು ದವಡೆಗೆ ಬಂತು, ದವಡೆಯಿಂದ ಕತ್ತಿಗೆ. ಅಲ್ಲಿ ಗೆರೆ ಹೊರಕ್ಕೆ ಹೋಯಿತು. ಕೈ ಜಾರಿತು ಎಂದು ಅಳಿಸಿ ಮತ್ತೆ ಬರೆದೆ, ಮತ್ತೆ ಅಲ್ಲೇ ಹೊರಕ್ಕೆ ಹೋಯಿತು. ನೆರಳು ಹಾಕಿದರೆ ಸರಿಹೋಗಬಹುದು ಎಂದು ಇದ್ದಿಲು ತೆಗೆದುಕೊಂಡೆ. ನೆರಳು ಇರಬಾರದ ಕಡೆ ನೆರಳಿತ್ತು ಆಂಜಿ. ನಿಂಬೆಹಣ್ಣಿನಷ್ಟು ಉಬ್ಬು, ಅದರ ಕೆಳಗೆ ಕಪ್ಪು. ಎದ್ದುಹೋಗಿ ಮುಟ್ಟಿದೆ, ಗಟ್ಟಿಯಾಗಿತ್ತು. ಅಮ್ಮ ನನ್ನ ಕೈಯನ್ನು ಕಿತ್ತೆಸೆದು "ಏಮೀ ಲೇದು ಪೋವೇ" ಎಂದಳು. ಅವಳ ಕತ್ತಿನ ಮೇಲೆ ನನ್ನ ಬೆರಳಿನ ಇದ್ದಿಲು ಹಾಗೇ ಅಂಟಿಕೊಂಡಿತ್ತು. ಅಮ್ಮ ತೆಲುಗಿಗೆ ಹೋದಳೆಂದರೆ ಏನೋ ಮುಚ್ಚಿಡುತ್ತಿದ್ದಾಳೆ ಎಂದು ನಮಗೆ ಗೊತ್ತಿಲ್ಲವೇ? ಅಜ್ಜಿ ತೀರಿಕೊಂಡ ದಿನ ನಮ್ಮಿಬ್ಬರನ್ನು ಶಾಲೆಯಿಂದ ಕರೆತರುವಾಗಲೂ ದಾರಿಯೆಲ್ಲ ಇದನ್ನೇ ಹೇಳಿದ್ದಳು. ಏಮೀ ಲೇದು, ಏನೂ ಇಲ್ಲ, ಬೇಗ ನಡೀರಿ.

ಕೂಗಾಡಿ, ಅತ್ತು, ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದೆ. ಯುಗಾದಿಯಿಂದಲೇ ಇದೆ ಎಂದು ಅಲ್ಲಿ ಬಾಯಿ ಬಿಟ್ಟಳು. ಮನೆಗೆ ಬಂದಮೇಲೆ ನನ್ನ ಹತ್ತಿರ ಸರಿಯಾಗಿ ಮಾತಿಲ್ಲ. ಕೋಲಾರ ಎಂದರೆ ಸಾಕು, ಎದ್ದು ಹೊರಗೆ ಹೋಗುತ್ತಾಳೆ. ಅಪ್ಪನಿಗೆ ಹೇಳಿದೆ. ಅಪ್ಪ ಟವಲನ್ನು ಹೆಗಲಿಗೆ ಹಾಕಿಕೊಂಡು ಧೈರ್ಯವಾಗಿ ಅಡುಗೆಮನೆಯೊಳಗೆ ಹೋದವರು, ಒಂದು ಲೋಟ ಕಾಫಿ ಕುಡಿದು ಹೊರಗೆ ಬಂದರು. ಆಮೇಲೆ ಶೆಡ್ಡಿನ ಹಿಂದೆ ಹೋಗಿ ಕಣ್ಣೊರೆಸಿಕೊಳ್ಳುತ್ತಿದ್ದರು, ನೋಡಿದರೂ ನೋಡದ ಹಾಗೆ ಬಂದೆ. ನನಗೂ ತುಂಬ ಭಯವಾಗಿದೆ. ಮಿಷನ್ ತುಳಿಯುತ್ತ ಕುಳಿತರೆ ಹೊಲಿಗೆ ಎಲ್ಲೆಲ್ಲಿಗೋ ಹೋಗುತ್ತದೆ. ದಸರಾವರೆಗೆ ಆ ಗಂಟು ಸುಮ್ಮನಿರುತ್ತದೆ ಎಂದು ಅಮ್ಮನಿಗೆ ಯಾರು ಬರೆದುಕೊಟ್ಟಿದ್ದಾರೆ?

ಅದಕ್ಕೇ ಕೇಳುತ್ತಿದ್ದೇನೆ, ಭಾನುವಾರ ಅವಳನ್ನು ನೀನೇ ಹೆದರಿಸು. ನಾಳೆ ಕೋಲಾರಕ್ಕೆ ಹೋಗದಿದ್ದರೆ ಟ್ರೈನಿಂಗ್ ಬಿಟ್ಟು ಈಗಲೇ ಬಸ್ಸು ಹತ್ತುತ್ತೇನೆ ಎನ್ನು. ಅವಳು ಹೆದರುವುದು ಅದೊಂದಕ್ಕೇ. ಆದರೆ ನಿಜವಾಗಿ ಬಂದುಬಿಡಬೇಡ, ಬಂದರೆ ನಿನ್ನನ್ನು ಬಾಗಿಲಲ್ಲೇ ನಿಲ್ಲಿಸುವವಳು ನಾನೇ. ನನ್ನ ಮಾತಿನಲ್ಲಿ ನಂಬಿಕೆ ಬರದಿದ್ದರೆ ನೋಡು ಎಂದು ಜಗಲಿಯಲ್ಲಿ ಬರೆದ ಆ ಚಿತ್ರವನ್ನೂ ಜೊತೆಗಿಟ್ಟಿದ್ದೇನೆ. ನಿನ್ನ ಜೊತೆಯ ಹುಡುಗರಿಗೆಲ್ಲ ಕೇಳಿದೆ ಎಂದು ಹೇಳು. ಹೊಟ್ಟೆ ತುಂಬ ಉಣ್ಣು, ಸಾಹೇಬರ ಎದುರು ಮಾತು ಬೆಳೆಸಬೇಡ, ತಲೆ ಬಿಸಿ ಮಾಡಿಕೊಳ್ಳಬೇಡ. ಇಷ್ಟು ಬರೆದು ತಲೆ ಬಿಸಿ ಮಾಡಿಕೊಳ್ಳಬೇಡ ಎನ್ನುತ್ತೇನಲ್ಲ, ನನಗೂ ಬುದ್ಧಿಯಿಲ್ಲ. ಆಂಜನೇಯಸ್ವಾಮಿ ನಿನ್ನನ್ನು ಕಾಯಲಿ.

ಇಂತು ನಿನ್ನ ಅಕ್ಕ,
ಗಂಗಾಲಕ್ಷ್ಮಿ

ತಾ.ಕ.: ಬುಧವಾರ ಬೆಳಿಗ್ಗೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಹೆದರಿಸು ಎಂದದ್ದನ್ನು ಬಿಟ್ಟುಬಿಡು. ಲೇಸು ಸುತ್ತಿ ಬರುವ ರಟ್ಟಿನ ಕೊಳವೆಯೊಳಗೆ ಚಿತ್ರವನ್ನು ಸೇರಿಸುತ್ತಿದ್ದೆ, ನೋಡಿದರೆ ಅಮ್ಮ ಬೆನ್ನ ಹಿಂದೆ ನಿಂತಿದ್ದಾಳೆ. ಕೈಯಿಂದ ಕಿತ್ತುಕೊಂಡಳು. ಹರಿದುಹಾಕುತ್ತಾಳೆ ಎಂದುಕೊಂಡೆ. ಬಾಗಿಲ ಬೆಳಕಿಗೆ ಹೋಗಿ ತುಂಬ ಹೊತ್ತು ನೋಡಿದಳು. ಇಷ್ಟು ದಿನ ಬೆರಳಲ್ಲಿ ಮುಟ್ಟಿ ನೋಡಿಕೊಂಡಿದ್ದಾಳೆ ಅಷ್ಟೇ, ಕನ್ನಡಿಯ ಮುಂದೆಯೂ ಸೆರಗು ತೆಗೆದವಳಲ್ಲ. "ಇಷ್ಟು ದೊಡ್ಡದಾಗಿದ್ಯೇನೇ ಗಂಗಾ?" ಎಂದಳು. ಕನ್ನಡದಲ್ಲಿ ಕೇಳಿದಳು ಆಂಜಿ. ಹೌದೆಂದು ತಲೆಯಾಡಿಸಿದೆ. "ನಂಗೆ ಭಯ ಆಗ್ತಿದೆ ಕಣೇ. ನಡಿ, ಹೋಗ್ಬರೋಣ" ಎಂದು ಚೀಲದಿಂದ ಚೀಟಿ ತೆಗೆದಳು. ಅಪ್ಪ ಆಗಲೇ ಚಪ್ಪಲಿ ಹಾಕಿಕೊಂಡು ನಿಂತಿದ್ದಾರೆ. ಕೋಲಾರಕ್ಕೆ ಹೊರಟಿದ್ದೇವೆ, ದಾರಿಯಲ್ಲಿ ಇದನ್ನು ಸ್ಪೀಡ್ ಪೋಸ್ಟಿಗೆ ಕೊಡುತ್ತೇನೆ. ನಿನಗೆ ಕಳಿಸು ಎಂದು ಅವಳೇ ಒಪ್ಪಿದಳು, ಆದರೆ ನೀನು ಬಿಟ್ಟು ಬರಬಾರದಂತೆ. ಚಿತ್ರವನ್ನು ಸುತ್ತಿಯೇ ಇಟ್ಟುಕೊ, ನಡುವೆ ಮಡಚಬೇಡ, ಮಡಚಿದರೆ ಎಡಗಡೆಯ ಇದ್ದಿಲು ಬಲಗಡೆಗೂ ಹತ್ತಿಕೊಳ್ಳುತ್ತದೆ. ಭಾನುವಾರದ ಹೊತ್ತಿಗೆ ರಿಪೋರ್ಟು ಬಂದಿರುತ್ತದೋ ಇಲ್ಲವೋ ಗೊತ್ತಿಲ್ಲ. ಫೋನು ಮಾಡಿದಾಗ, ಯಾವಾಗಲೂ ಕೇಳುವ ಹಾಗೆ, ಕಾಯಿ ಎಷ್ಟು ಇಳಿಸಿದಿರಿ ಎಂದು ಮೊದಲು ಕೇಳು. ಆಮೇಲೆ ಹೇಗಿದ್ದೀಯಮ್ಮ ಎಂದು ಕೇಳು. ಕನ್ನಡದಲ್ಲಿ ಹೇಳಿದರೆ ನಂಬು. ತೆಲುಗಿನಲ್ಲಿ ಹೇಳಿದರೆ, ಫೋನನ್ನು ನನ್ನ ಕೈಗೆ ಕೊಡಲು ಹೇಳು.